ಟೇಬಲ್ ಗರಗಸಕ್ಕೆ ದೊಡ್ಡ ಮೋಟಾರ್ ಹಾಕಿದರೆ ಕೊಯ್ತ ಸುಧಾರಿಸುತ್ತದೆಯೇ?

“ಮಷೀನ್ ಎಳೀತಿಲ್ಲ, ಮೋಟಾರ್ ಸಾಲ್ತಿಲ್ಲ, ದೊಡ್ಡದು ಹಾಕಿಸಬೇಕು.” ಮರಗೆಲಸದ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಮಾತಿದು. ದಪ್ಪ ತೇಗದ ಹಲಗೆಯನ್ನು ಉದ್ದಕ್ಕೆ ಸೀಳುವಾಗ ಗರಗಸದ ಸದ್ದು ಇಳಿಯುತ್ತದೆ, ಬ್ಲೇಡ್ ನಿಧಾನವಾಗುತ್ತದೆ, ಕೊಯ್ದ ಅಂಚು ಸುಟ್ಟು ಕಪ್ಪಾಗುತ್ತದೆ. ಕೆಲವೊಮ್ಮೆ ಬ್ಲೇಡ್ ನಿಂತೇ ಹೋಗುತ್ತದೆ. ಆಗ ಮೊದಲು ಹೊಳೆಯುವ ಪರಿಹಾರವೆಂದರೆ 1.5 ಎಚ್‌ಪಿ ಮೋಟಾರನ್ನು ಬಿಚ್ಚಿ 3 ಎಚ್‌ಪಿ ಮೋಟಾರ್ ಕೂರಿಸುವುದು.

ಇದಕ್ಕೆ ಚುಟುಕಾದ ಉತ್ತರ ಹೀಗಿದೆ: ಕೆಲವು ಸಂದರ್ಭಗಳಲ್ಲಿ ದೊಡ್ಡ ಮೋಟಾರ್ ನಿಜಕ್ಕೂ ಬೇಕು. ಆದರೆ ಗರಗಸ ಹೆಣಗುವುದಕ್ಕೆ ಮೋಟಾರಿಗಿಂತ ಮೊದಲು ಅನುಮಾನಿಸಬೇಕಾದ ಕಾರಣಗಳು ಹಲವಿವೆ. ಅವನ್ನು ಸರಿಪಡಿಸದೆ ಶಕ್ತಿಯನ್ನಷ್ಟೇ ಹೆಚ್ಚಿಸಿದರೆ ತೊಂದರೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಮರೆಯಾದ ತೊಂದರೆ ವೈರಿಂಗಿನಲ್ಲಿ ಬೆಂಕಿಯಾಗಿಯೋ ಬೆರಳಿಗೆ ಬೀಳುವ ಪೆಟ್ಟಾಗಿಯೋ ಮತ್ತೆ ಕಾಣಿಸಿಕೊಳ್ಳಬಹುದು. ಬೆಲ್ಟ್‌ನಿಂದ ತಿರುಗುವ, 10 ಇಂಚಿನ ಬ್ಲೇಡ್ ಇರುವ ಸಾಮಾನ್ಯ ಟೇಬಲ್ ಗರಗಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ನೋಡೋಣ.

ಹೆಚ್ಚು ಎಚ್‌ಪಿ ಎಂದರೆ ಹೆಚ್ಚು ವೇಗವೇ?

ಇಲ್ಲ. ಇದು ತುಂಬಾ ಜನರಲ್ಲಿರುವ ತಪ್ಪು ತಿಳಿವಳಿಕೆ. ಎಚ್‌ಪಿ ಎಂಬುದು ವೇಗದ ಅಳತೆಯಲ್ಲ, ಕೆಲಸ ಮಾಡುವ ದರದ ಅಳತೆ. 1 ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. ತಿರುಗುವ ಯಂತ್ರದಲ್ಲಿ ಈ ಶಕ್ತಿ ಎರಡು ಸಂಗತಿಗಳ ಗುಣಲಬ್ಧ: ಟಾರ್ಕ್, ಅಂದರೆ ತಿರುಗಿಸುವ ಬಲ, ಮತ್ತು ತಿರುಗುವ ವೇಗ.

ನಮ್ಮ ಅಂಗಡಿಗಳಲ್ಲಿ ಬಳಸುವ ಇಂಡಕ್ಷನ್ ಮೋಟಾರಿನ ವೇಗವನ್ನು ನಿರ್ಧರಿಸುವುದು ಕರೆಂಟಿನ ಆವರ್ತನ ಮತ್ತು ಮೋಟಾರಿನೊಳಗಿನ ಧ್ರುವಗಳ ಸಂಖ್ಯೆ. ಭಾರತದಲ್ಲಿ ಆವರ್ತನ 50 ಹರ್ಟ್ಸ್. ಎರಡು ಧ್ರುವದ ಮೋಟಾರ್ ಲೋಡ್ ಇದ್ದಾಗ ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ, ನಾಲ್ಕು ಧ್ರುವದ್ದು ಸುಮಾರು 1440 ಸುತ್ತು. 1.5 ಎಚ್‌ಪಿ ಆಗಲಿ 3 ಎಚ್‌ಪಿ ಆಗಲಿ, ಎರಡು ಧ್ರುವದ್ದಾದರೆ ವೇಗ ಹೆಚ್ಚುಕಡಿಮೆ ಒಂದೇ.

ಹಾಗಾದರೆ ದೊಡ್ಡ ಮೋಟಾರಿನ ಲಾಭವೇನು? ಮರ ಎದುರು ಒತ್ತಿದಾಗ ಅದರ ವೇಗ ಕಡಿಮೆ ಕುಸಿಯುತ್ತದೆ. ಖಾಲಿ ತಿರುಗುವಾಗ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ದಪ್ಪ ಹಲಗೆ ಒಳಗೆ ಹೋದಾಗ ಮಾತ್ರ.

ಇಲ್ಲೊಂದು ಎಚ್ಚರಿಕೆ ಬೇಕು. 3 ಎಚ್‌ಪಿ ಮೋಟಾರ್ 1440 ಸುತ್ತಿನದೂ ಸಿಗುತ್ತದೆ, 2850ರ ಆಸುಪಾಸಿನದೂ ಸಿಗುತ್ತದೆ. ಎಚ್‌ಪಿ ಮಾತ್ರ ನೋಡಿ ನಿಧಾನದ ಮೋಟಾರ್ ತಂದು ಹಳೆಯ ಪುಲ್ಲಿಗೇ ಜೋಡಿಸಿದರೆ ಬ್ಲೇಡಿನ ವೇಗ ಅರ್ಧಕ್ಕೆ ಇಳಿಯುತ್ತದೆ. ಶಕ್ತಿ ದುಪ್ಪಟ್ಟಾದರೂ ಕೊಯ್ತ ಒರಟಾಗುತ್ತದೆ.

ಮರ ಸೀಳಲು ಎಷ್ಟು ಶಕ್ತಿ ಬೇಕು?

ಗರಗಸ ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು: ಬ್ಲೇಡಿನ ಹಾದಿಯಲ್ಲಿರುವ ಮರವನ್ನು ಪುಡಿ ಮಾಡಿ ಹೊರಹಾಕುವುದು. ಸೆಕೆಂಡಿಗೆ ಎಷ್ಟು ಮರ ಪುಡಿಯಾಗುತ್ತದೆಯೋ ಅದಕ್ಕೆ ತಕ್ಕಂತೆ ಶಕ್ತಿ ಬೇಕು.

ಒಂದು ಲೆಕ್ಕ ಮಾಡೋಣ. ಬ್ಲೇಡ್ 3.2 ಮಿಲಿಮೀಟರ್ ಅಗಲದ ಸೀಳು ಮಾಡುತ್ತದೆ. ಹಲಗೆಯ ದಪ್ಪ 50 ಮಿಲಿಮೀಟರ್. ನಿಮಿಷಕ್ಕೆ 3 ಮೀಟರಿನಂತೆ ಹಲಗೆಯನ್ನು ತಳ್ಳುತ್ತೇವೆ. ಆಗ ಸೆಕೆಂಡಿಗೆ 8 ಘನ ಸೆಂಟಿಮೀಟರ್ ಮರ ಪುಡಿಯಾಗುತ್ತದೆ. ಅದೇ ಹಲಗೆಗೆ 2.4 ಮಿಲಿಮೀಟರ್ ಸೀಳಿನ ತೆಳು ಬ್ಲೇಡ್ ಹಾಕಿದರೆ ಈ ಪ್ರಮಾಣ 6 ಘನ ಸೆಂಟಿಮೀಟರಿಗೆ ಇಳಿಯುತ್ತದೆ. ಅಂದರೆ ಮೋಟಾರನ್ನು ಮುಟ್ಟದೆಯೇ ಅದರ ಹೊರೆ ಸುಮಾರು ಕಾಲು ಭಾಗ ಇಳಿಯಿತು. ಹಲಗೆಯನ್ನು ಇನ್ನಷ್ಟು ನಿಧಾನವಾಗಿ ತಳ್ಳಿದರೂ ಹೊರೆ ಇಳಿಯುತ್ತದೆ. ಆದರೆ ಅದಕ್ಕೆ ಮಿತಿಯಿದೆ, ತೀರಾ ನಿಧಾನ ಮಾಡಿದರೆ ಮರ ಸುಡುತ್ತದೆ.

ಸುಡುವುದೇಕೆ? ಇದರ ಉತ್ತರ ಹಲ್ಲುಗಳ ಸಂಖ್ಯೆಯಲ್ಲಿದೆ. ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ ಎನ್ನೋಣ. ಮೇಲಿನ ವೇಗದಲ್ಲಿ ಹಲಗೆ ತಳ್ಳಿದರೆ 24 ಹಲ್ಲಿನ ಬ್ಲೇಡಿನ ಒಂದೊಂದು ಹಲ್ಲಿಗೂ 0.03 ಮಿಲಿಮೀಟರಿನಷ್ಟು ಮರ ಸಿಗುತ್ತದೆ. 80 ಹಲ್ಲಿನ ಬ್ಲೇಡಿನಲ್ಲಿ ಅದು 0.01 ಮಿಲಿಮೀಟರಿಗಿಂತ ಕಡಿಮೆ. ಅಷ್ಟು ತೆಳುವಾದರೆ ಹಲ್ಲು ಮರವನ್ನು ಕಡಿಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಉಜ್ಜಿದರೆ ಶಾಖ, ಶಾಖದಿಂದ ಕಪ್ಪು ಅಂಚು. ಪ್ಲೈವುಡ್‌ಗೆ ಮತ್ತು ಅಡ್ಡ ಕೊಯ್ತಕ್ಕೆ ಹೆಚ್ಚು ಹಲ್ಲಿನ ಬ್ಲೇಡ್ ಒಳ್ಳೆಯದು. ಅದನ್ನೇ ಬಿಚ್ಚದೆ ದಪ್ಪ ಹಲಗೆಯನ್ನು ಉದ್ದಕ್ಕೆ ಸೀಳಲು ಹೊರಟರೆ ಎಂಥ ಮೋಟಾರೂ ಹೆಣಗುತ್ತದೆ.

ಮೋಟಾರಿಗಿಂತ ಮೊದಲು ನೋಡಬೇಕಾದ ನಾಲ್ಕು

ಒಂದು, ಬ್ಲೇಡ್. ಅದು ಮೊಂಡಾಗಿದೆಯೇ, ಹಲ್ಲುಗಳ ಪಕ್ಕ ಮರದ ಅಂಟು ಮೆತ್ತಿಕೊಂಡಿದೆಯೇ ನೋಡಿ. ತೇಗದಲ್ಲಿ ಸಿಲಿಕಾ ಇರುತ್ತದೆ. ಮರಳಿನಲ್ಲಿ ಇರುವುದೂ ಇದೇ ವಸ್ತು. ಪ್ಲೈವುಡ್‌ನ ಗಟ್ಟಿ ಅಂಟೂ ಹಲ್ಲನ್ನು ಬೇಗ ಸವೆಸುತ್ತದೆ. ಮೊದಲು ಬ್ಲೇಡ್ ತೊಳೆಯಿರಿ, ಸಾಣೆ ಹಿಡಿಸಿ, ಸೀಳುವ ಕೆಲಸಕ್ಕೆ ಕಡಿಮೆ ಹಲ್ಲಿನ ಬ್ಲೇಡ್ ಹಾಕಿ ನೋಡಿ.

ಎರಡು, ನೇರ. ಹಲಗೆ ಆತುಕೊಂಡು ಸಾಗುವ ಪಕ್ಕದ ಪಟ್ಟಿ, ಅಂದರೆ ಫೆನ್ಸ್, ಬ್ಲೇಡಿಗೆ ಸಮಾನಾಂತರವಾಗಿರಬೇಕು. ಹಿಂಭಾಗದಲ್ಲಿ ಅದು ಬ್ಲೇಡಿನ ಕಡೆ ಸ್ವಲ್ಪ ವಾಲಿದ್ದರೂ ಹಲಗೆ ಎರಡರ ನಡುವೆ ಬಿಗಿಯುತ್ತದೆ. ಮೋಟಾರಿನ ಶಕ್ತಿ ಕೊಯ್ಯುವುದಕ್ಕಲ್ಲ, ಆ ಬಿಗಿತವನ್ನು ಎದುರಿಸಲು ವ್ಯರ್ಥವಾಗುತ್ತದೆ.

ಮೂರು, ಬೆಲ್ಟ್ ಮತ್ತು ಕೆಪಾಸಿಟರ್. ಸಡಿಲಾದ, ಹೊಳಪುಗಟ್ಟಿದ ಬೆಲ್ಟ್ ಜಾರುತ್ತದೆ. ಮೋಟಾರ್ ಪೂರ್ಣ ವೇಗದಲ್ಲಿದ್ದು ಬ್ಲೇಡ್ ಮಾತ್ರ ನಿಧಾನವಾದರೆ ತಪ್ಪು ಬೆಲ್ಟಿನದು. ಸಿಂಗಲ್ ಫೇಸ್ ಮೋಟಾರಿನಲ್ಲಿ ಕೆಪಾಸಿಟರ್ ದುರ್ಬಲವಾದರೂ ಟಾರ್ಕ್ ಕುಸಿಯುತ್ತದೆ. ಹೊಸ ಮೋಟಾರಿಗೆ ಹೋಲಿಸಿದರೆ ಕೆಪಾಸಿಟರ್ ಬಹಳ ಅಗ್ಗದ ಭಾಗ.

ನಾಲ್ಕು, ವೋಲ್ಟೇಜ್. ಇದನ್ನು ನೋಡುವವರೇ ಕಡಿಮೆ. ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಮೋಟಾರ್ ಕೊಡಬಲ್ಲ ಗರಿಷ್ಠ ಟಾರ್ಕ್ ಸುಮಾರು ಶೇ. 61ಕ್ಕೆ ಇಳಿಯುತ್ತದೆ. ಸಂಜೆ ಹೊತ್ತು ಲೈನ್ ಡಲ್ ಆಗುವ ಊರುಗಳಲ್ಲಿ ಬೆಳಗ್ಗೆ ಚೆನ್ನಾಗಿ ಕೊಯ್ದ ಗರಗಸ ಸಂಜೆ ಮುಷ್ಕರ ಹೂಡುವುದು ಇದಕ್ಕೇ. ಇಂಥಲ್ಲಿ ದೊಡ್ಡ ಮೋಟಾರ್ ಹಾಕಿದರೆ ಅದು ಇನ್ನಷ್ಟು ಕರೆಂಟ್ ಎಳೆದು ವೋಲ್ಟೇಜನ್ನು ಮತ್ತಷ್ಟು ಇಳಿಸುತ್ತದೆ.

ಕರೆಂಟಿನ ಲೆಕ್ಕ: ಬೆಂಕಿಯ ಅಪಾಯ ಎಲ್ಲಿದೆ?

1.5 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಪೂರ್ಣ ಹೊರೆಯಲ್ಲಿ ಅಂದಾಜು 8 ಆಂಪಿಯರ್ ಎಳೆಯುತ್ತದೆ. 3 ಎಚ್‌ಪಿಯದು ಅಂದಾಜು 15 ಆಂಪಿಯರ್. ನಮ್ಮ ಮನೆ, ಅಂಗಡಿಗಳ ದೊಡ್ಡ ಪ್ಲಗ್ ಪಾಯಿಂಟಿನ ಮಿತಿಯೇ 16 ಆಂಪಿಯರ್. ಅಂದರೆ 3 ಎಚ್‌ಪಿ ಮೋಟಾರ್ ಆ ಪ್ಲಗ್ಗನ್ನು ಅದರ ಅಂಚಿಗೆ ತಂದು ನಿಲ್ಲಿಸುತ್ತದೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಇದರ ಐದಾರು ಪಟ್ಟು ಕರೆಂಟ್ ಹರಿಯುತ್ತದೆ.

ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ 25 ಮೀಟರ್ ಎಕ್ಸ್‌ಟೆನ್ಷನ್ ತೆಗೆದುಕೊಳ್ಳಿ. ಹೋಗಿ ಬರುವ ದಾರಿ ಸೇರಿ ಅದರ ರೋಧ ಸುಮಾರು 0.6 ಓಮ್. 8 ಆಂಪಿಯರ್ ಹರಿದಾಗ ಆ ತಂತಿಯಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. 15 ಆಂಪಿಯರ್ ಹರಿದಾಗ ಅದು 135 ವ್ಯಾಟ್. ಆ ತಂತಿ ಸುರುಳಿ ಸುತ್ತಿಕೊಂಡು, ಮೇಲೆ ಮರದ ಪುಡಿ ಹೊದ್ದುಕೊಂಡು ಬಿದ್ದಿದ್ದರೆ ಮುಂದೇನು ಎಂಬುದನ್ನು ಊಹಿಸಬಹುದು.

ದೊಡ್ಡ ಮೋಟಾರ್ ಹಾಕಿದ ಮೇಲೆ ಎಂಸಿಬಿ ಪದೇ ಪದೇ ಟ್ರಿಪ್ ಆದರೆ ಹಲವರು ಮಾಡುವ ಕೆಲಸ ಒಂದೇ: ಹೆಚ್ಚು ಆಂಪಿಯರಿನ ಎಂಸಿಬಿ ಹಾಕುವುದು, ಅಥವಾ ಹಳೆಯ ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು. ಗೋಡೆಯೊಳಗಿನ ವೈರ್ ಮಾತ್ರ ಹಳೆಯದೇ. ಎಂಸಿಬಿ ಇರುವುದು ಆ ವೈರನ್ನು ಕಾಯಲು. ಅದರ ಮಿತಿ ಹೆಚ್ಚಿಸಿ ವೈರನ್ನು ಬದಲಿಸದಿದ್ದರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟಂತೆ.

ತ್ರೀ ಫೇಸ್ ಸಂಪರ್ಕ ಇದ್ದರೆ ಈ ಲೆಕ್ಕ ಹಗುರವಾಗುತ್ತದೆ. ಅದೇ 3 ಎಚ್‌ಪಿ ಮೋಟಾರ್ 415 ವೋಲ್ಟಿನಲ್ಲಿ ಪ್ರತಿ ಫೇಸಿನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತದೆ, ಕೆಪಾಸಿಟರೂ ಬೇಕಿಲ್ಲ. ದಿನವಿಡೀ ಗಟ್ಟಿ ಮರ ಸೀಳುವ ಅಂಗಡಿಗೆ ಇದೇ ಸರಿಯಾದ ದಾರಿ. ಆದರೆ ಮೊದಲು ನಿಮ್ಮ ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಎಂದು ವಿದ್ಯುತ್ ಕಂಪನಿಯ ಬಿಲ್ಲಿನಲ್ಲಿ ನೋಡಿಕೊಳ್ಳಿ.

ಅಮೆರಿಕದ ವಿಡಿಯೊಗಳು ಇಲ್ಲಿ ಹೊಂದುವುದಿಲ್ಲ ಏಕೆ?

ಮೋಟಾರ್ ಬದಲಿಸುವ ಬಗ್ಗೆ ಹುಡುಕಿದರೆ ಸಿಗುವ ಬಹುಪಾಲು ವಿಡಿಯೊಗಳು ಅಮೆರಿಕದವು. ಅಲ್ಲಿಯ ಮನೆಗಳ ಸಾಮಾನ್ಯ ಪ್ಲಗ್ 120 ವೋಲ್ಟ್, 15 ಆಂಪಿಯರಿನದು. ಅದರಿಂದ ಗರಿಷ್ಠ 1800 ವ್ಯಾಟ್ ಸಿಗುತ್ತದೆ. ಮೋಟಾರಿನಲ್ಲಾಗುವ ನಷ್ಟ ಕಳೆದರೆ ಒಂದೂವರೆ ಎಚ್‌ಪಿಯ ಆಸುಪಾಸಿಗೇ ಅಲ್ಲಿಯ ಗರಗಸ ನಿಲ್ಲಬೇಕು. ಹಾಗಾಗಿ 240 ವೋಲ್ಟಿಗೆ ಬದಲಾಯಿಸಿ 3 ಎಚ್‌ಪಿ ಹಾಕುವುದು ಅವರಿಗೆ ದೊಡ್ಡ ಜಿಗಿತ. ನಮ್ಮಲ್ಲಿ ಮೊದಲಿನಿಂದಲೂ 230 ವೋಲ್ಟ್ ಇದೆ. ಅವರ ಸಮಸ್ಯೆಯೇ ಬೇರೆ, ನಮ್ಮದೇ ಬೇರೆ.

ಇನ್ನೊಂದು ವ್ಯತ್ಯಾಸ ಆವರ್ತನದ್ದು. ಅಲ್ಲಿ 60 ಹರ್ಟ್ಸ್ ಇರುವುದರಿಂದ ಎರಡು ಧ್ರುವದ ಮೋಟಾರ್ ಸುಮಾರು 3450 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ ಬ್ಲೇಡಿನ ಪುಲ್ಲಿಗಿಂತ 1.15 ಪಟ್ಟು ದೊಡ್ಡದಿದ್ದರೆ ಅವರ ಬ್ಲೇಡ್ ಸುಮಾರು 4000 ಸುತ್ತು ತಿರುಗುತ್ತದೆ. ಅದೇ ಪುಲ್ಲಿಗಳು ನಮ್ಮ 2850 ಸುತ್ತಿನ ಮೋಟಾರಿನಲ್ಲಿ 3280 ಸುತ್ತನ್ನಷ್ಟೇ ಕೊಡುತ್ತವೆ. ನಮ್ಮಲ್ಲಿ 4000 ಸುತ್ತು ಬೇಕಾದರೆ ಮೋಟಾರಿಗೆ 3.5 ಇಂಚಿನ, ಬ್ಲೇಡಿನ ಷಾಫ್ಟಿಗೆ 2.5 ಇಂಚಿನ ಪುಲ್ಲಿಯಂಥ ಅನುಪಾತ ಬೇಕು.

ಹಾಗೆಂದು ವೇಗವನ್ನು ಮನಬಂದಂತೆ ಏರಿಸುವಂತಿಲ್ಲ. 10 ಇಂಚಿನ ಬ್ಲೇಡ್ 4000 ಸುತ್ತಿನಲ್ಲಿ ತಿರುಗುವಾಗ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಬ್ಲೇಡನ್ನು ಹೊರಕ್ಕೆ ಸೆಳೆಯುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇ. 20 ಹೆಚ್ಚಿದರೆ ಒತ್ತಡ ಶೇ. 44 ಹೆಚ್ಚುತ್ತದೆ. ಬ್ಲೇಡಿನ ಮೇಲೆ ಗರಿಷ್ಠ ವೇಗವನ್ನು ಅಚ್ಚು ಹಾಕಿರುತ್ತಾರೆ. ಅದನ್ನು ಮೀರಬಾರದು.

ಮೋಟಾರ್ ಒಂದೇ ಬದಲಾದರೆ ಸಾಕೇ?

ಮೋಟಾರಿನಿಂದ ಬ್ಲೇಡಿನವರೆಗೆ ಒಂದು ಸರಪಳಿಯಿದೆ: ಪುಲ್ಲಿ, ಬೆಲ್ಟ್, ಬೇರಿಂಗ್, ಷಾಫ್ಟ್. 1.5 ಎಚ್‌ಪಿಗೆ ಹೊಂದಿಸಿದ ಒಂದೇ ಬೆಲ್ಟ್ ಪುಟ್ಟ ಪುಲ್ಲಿಯ ಮೇಲೆ 3 ಎಚ್‌ಪಿಯನ್ನು ಹೊರಲು ಹೆಣಗುತ್ತದೆ. ಜಾರದಿರಲೆಂದು ಅದನ್ನು ವಿಪರೀತ ಬಿಗಿದರೆ ಬೇರಿಂಗ್ ಬೇಗ ಹೋಗುತ್ತದೆ. ಅಮೆರಿಕದ ಡೆಲ್ಟಾ ಕಂಪನಿ 1939ರಲ್ಲಿ ತಂದ ಹೆಸರಾಂತ ಯೂನಿಸಾ ಗರಗಸದಲ್ಲಿ ಮೂರು ಬೆಲ್ಟುಗಳನ್ನು ಸಾಲಾಗಿ ಬಳಸಿದ್ದರು.

ಅಳತೆಯೂ ಬದಲಾಗುತ್ತದೆ. ಅಂತಾರಾಷ್ಟ್ರೀಯ ಮಾನದಂಡದ ತ್ರೀ ಫೇಸ್ ಮೋಟಾರುಗಳಲ್ಲಿ 1.5 ಎಚ್‌ಪಿಯ ಎರಡು ಧ್ರುವದ ಮೋಟಾರಿನ ಷಾಫ್ಟ್ 19 ಮಿಲಿಮೀಟರ್ ದಪ್ಪ, 3 ಎಚ್‌ಪಿಯದು 24 ಮಿಲಿಮೀಟರ್. ಹಳೆಯ ಪುಲ್ಲಿ ಹೊಂದುವುದಿಲ್ಲ, ಕಾಲಿನ ತೂತುಗಳೂ ಹೊಂದುವುದಿಲ್ಲ. ಮೋಟಾರಿನ ತೂಕವೂ ಹೆಚ್ಚು. ಅದನ್ನು ಹೊರುವ ಚೌಕಟ್ಟು ಗಟ್ಟಿ ಇಲ್ಲದಿದ್ದರೆ ಇಡೀ ಟೇಬಲ್ ನಡುಗುತ್ತದೆ.

ಮೋಟಾರ್ ಪೂರ್ತಿ ಮುಚ್ಚಿದ, ಹೊರಗೆ ಫ್ಯಾನ್ ಇರುವ ಮಾದರಿಯದ್ದಾಗಿರಲಿ. ತೆರೆದ ಕಿಂಡಿಗಳಿರುವ ಮೋಟಾರಿನೊಳಗೆ ಮರದ ಪುಡಿ ಸೇರಿದರೆ ಶಾಖ ಹೊರಹೋಗದು. ಸಿಂಗಲ್ ಫೇಸ್ ಮೋಟಾರಿನೊಳಗಿನ ಸ್ವಿಚ್ಚಿನ ಕಿಡಿಗೆ ಆ ಪುಡಿ ಹೊತ್ತಿಕೊಳ್ಳಲೂಬಹುದು.

ಕಿಕ್‌ಬ್ಯಾಕ್: ಶಕ್ತಿ ಹೆಚ್ಚಿದಾಗ ಕಳೆದುಕೊಳ್ಳುವ ಮುನ್ಸೂಚನೆ

ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಲಕ್ಕೇಳುತ್ತಾ ಕೆಲಸಗಾರನ ಕಡೆಗೆ ಬರುತ್ತವೆ. ಸೀಳಿದ ಹಲಗೆ ಒಳಗಿನ ಬಿಗಿತದಿಂದ ಮುಚ್ಚಿಕೊಂಡರೆ, ಅಥವಾ ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಂಡರೆ, ಈ ಹಿಂಭಾಗದ ಹಲ್ಲುಗಳು ಅದನ್ನು ಎತ್ತಿ ಎದುರಿಗಿರುವವರ ಹೊಟ್ಟೆ, ಎದೆಗೆ ಬೀಸಿ ಒಗೆಯುತ್ತವೆ. ಇದನ್ನೇ ಕಿಕ್‌ಬ್ಯಾಕ್ ಎನ್ನುತ್ತಾರೆ. ಹಲಗೆ ಹೀಗೆ ತಿರುಗಿ ಬೀಳುವಾಗ ಅದನ್ನು ಹಿಡಿದ ಕೈ ಬ್ಲೇಡಿನ ಮೇಲೆ ಬೀಳುವ ಅಪಾಯವೂ ಇದೆ.

ಚಿಕ್ಕ ಮೋಟಾರ್ ಇದ್ದರೆ ಭಯವಿಲ್ಲ ಎಂದುಕೊಳ್ಳಬೇಡಿ. ಸುಮಾರು 900 ಗ್ರಾಂ ತೂಕದ 10 ಇಂಚಿನ ಬ್ಲೇಡ್ 4000 ಸುತ್ತಿನಲ್ಲಿ ತಿರುಗುವಾಗ ಅದರಲ್ಲೇ 600 ಜೂಲ್‌ಗಿಂತ ಹೆಚ್ಚು ಶಕ್ತಿ ಅಡಗಿರುತ್ತದೆ. 60 ಕೆಜಿ ತೂಕದ ಮನುಷ್ಯನನ್ನು ಒಂದು ಮೀಟರ್ ಮೇಲಕ್ಕೆತ್ತಲು ಇಷ್ಟು ಸಾಕು. ಮೊದಲ ಹೊಡೆತ ಬರುವುದು ಇಲ್ಲಿಂದಲೇ.

ವ್ಯತ್ಯಾಸ ಇರುವುದು ಮುಂಚಿನ ಸೂಚನೆಯಲ್ಲಿ. ಹಲಗೆ ನಿಧಾನವಾಗಿ ಬಿಗಿಯತೊಡಗಿದರೆ ಚಿಕ್ಕ ಮೋಟಾರ್ ನರಳುತ್ತದೆ, ಬೆಲ್ಟ್ ಜಾರುತ್ತದೆ, ಬ್ಲೇಡ್ ನಿಲ್ಲಲೂಬಹುದು. ಕೆಲಸಗಾರನಿಗೆ ಏನೋ ಸರಿಯಿಲ್ಲ ಎಂದು ತಿಳಿಯುತ್ತದೆ. ದೊಡ್ಡ ಮೋಟಾರ್ ನರಳುವುದಿಲ್ಲ. ಮೊಂಡು ಬ್ಲೇಡನ್ನೂ ವಾಲಿದ ಫೆನ್ಸನ್ನೂ ಸಹಿಸಿಕೊಂಡು ಅದು ಎಳೆಯುತ್ತಲೇ ಹೋಗುತ್ತದೆ. ತಪ್ಪು ಗೊತ್ತಾಗುವ ಹೊತ್ತಿಗೆ ಹಲಗೆ ಕೈಯಲ್ಲಿರುವುದಿಲ್ಲ.

ಆ ಕ್ಷಣದಲ್ಲಿ ಕೈ ಹಿಂತೆಗೆದುಕೊಂಡರಾಯಿತು ಎಂಬ ನಂಬಿಕೆಯೂ ಇದೆ. ಅಪಾಯ ಕಂಡು ಕೈ ಸರಿಸಲು ಮನುಷ್ಯನಿಗೆ ಕನಿಷ್ಠ 0.2 ಸೆಕೆಂಡ್ ಬೇಕು. ಅಷ್ಟರಲ್ಲಿ 40 ಹಲ್ಲಿನ ಬ್ಲೇಡಿನ 500ಕ್ಕೂ ಹೆಚ್ಚು ಹಲ್ಲುಗಳು ಒಂದೇ ಜಾಗವನ್ನು ಹಾದುಹೋಗಿರುತ್ತವೆ. ಭೌತವಿಜ್ಞಾನ ಓದಿ ಪೇಟೆಂಟ್ ವಕೀಲರಾಗಿದ್ದ ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ಸಾಸ್ಟಾಪ್ ಎಂಬ ವ್ಯವಸ್ಥೆಯನ್ನು ರೂಪಿಸಿದ್ದು ಈ ಕಾರಣಕ್ಕೇ. ಚರ್ಮ ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ಗುರುತಿಸಿ ಅದು ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಮನುಷ್ಯನ ಚುರುಕುತನಕ್ಕೆ ಅಸಾಧ್ಯವಾದ ವೇಗವಿದು.

ನಮ್ಮಲ್ಲಿನ ಬಹುಪಾಲು ಟೇಬಲ್‌ಗಳಲ್ಲಿ ಅಂಥ ವ್ಯವಸ್ಥೆ ಇಲ್ಲ. ಆದರೆ ಸರಳವಾದ ಒಂದು ಭಾಗವನ್ನು ಯಾವ ಫ್ಯಾಬ್ರಿಕೇಷನ್ ಅಂಗಡಿಯಲ್ಲೂ ಮಾಡಿಸಬಹುದು: ರೈವಿಂಗ್ ನೈಫ್. ಇದು ಬ್ಲೇಡಿನ ಹಿಂದೆಯೇ, ಅದೇ ಸಾಲಿನಲ್ಲಿ ನಿಲ್ಲುವ ಉಕ್ಕಿನ ಪಟ್ಟಿ. ಸೀಳು ಮುಚ್ಚಿಕೊಳ್ಳದಂತೆ, ಹಲಗೆ ಹಿಂದಿನ ಹಲ್ಲುಗಳಿಗೆ ತಾಗದಂತೆ ತಡೆಯುತ್ತದೆ. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ತುಸು ಹೆಚ್ಚು, ಸೀಳಿನ ಅಗಲಕ್ಕಿಂತ ತುಸು ಕಡಿಮೆ ಇರಬೇಕು. ಮೇಲೊಂದು ಗಾರ್ಡ್, ಕೈಗೆ ಬದಲು ಹಲಗೆ ತಳ್ಳಲು ಒಂದು ಕೋಲು ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಯಾವಾಗ ಬದಲಿಸಬೇಕು?

ಊಹೆ ಬೇಡ, ಅಳೆಯಬಹುದು. ಎಲೆಕ್ಟ್ರಿಷಿಯನ್ ಬಳಿ ಕ್ಲಾಂಪ್ ಮೀಟರ್ ಇರುತ್ತದೆ. ಸಾಣೆ ಹಿಡಿಸಿದ ಸೀಳು ಬ್ಲೇಡ್ ಹಾಕಿ, ಫೆನ್ಸ್ ನೇರ ಮಾಡಿ, ನಿಮ್ಮ ನಿತ್ಯದ ದಪ್ಪದ ಹಲಗೆಯನ್ನು ನಿಮ್ಮ ನಿತ್ಯದ ವೇಗದಲ್ಲಿ ಸೀಳಿ. ಆಗ ಮೋಟಾರ್ ಎಳೆಯುವ ಕರೆಂಟನ್ನೂ ಮೋಟಾರಿನ ಬಳಿಯ ವೋಲ್ಟೇಜನ್ನೂ ಅವರಿಂದ ಅಳೆಸಿ.

ವೋಲ್ಟೇಜ್ ಕುಸಿಯುತ್ತಿದ್ದರೆ ವೈರಿಂಗ್ ಅಥವಾ ಲೈನ್ ಸರಿಪಡಿಸಬೇಕು. ವೋಲ್ಟೇಜ್ ಸರಿಯಿದ್ದು, ಕರೆಂಟ್ ಮೋಟಾರಿನ ಫಲಕದ ಮೇಲೆ ಬರೆದ ಮಿತಿಯೊಳಗಿದ್ದರೆ ಮೋಟಾರ್ ಸಾಕಾಗುತ್ತಿದೆ ಎಂದರ್ಥ. ಬೆಲ್ಟ್ ಜಾರುತ್ತಿಲ್ಲ ತಾನೇ ಎಂದು ಇನ್ನೊಮ್ಮೆ ನೋಡಿ. ಇವೆಲ್ಲ ಸರಿಯಿದ್ದೂ ಕರೆಂಟ್ ಮತ್ತೆ ಮತ್ತೆ ಮಿತಿ ಮೀರಿ ಮೋಟಾರ್ ಕೈ ಇಡಲಾಗದಷ್ಟು ಕಾಯುತ್ತಿದ್ದರೆ, ಆಗ ದೊಡ್ಡ ಮೋಟಾರ್ ನಿಜವಾದ ಅಗತ್ಯ.

ಬದಲಿಸುವಾಗ ಅದರ ಜೊತೆಗೆ ಬದಲಾಗಬೇಕಾದವು ಇಷ್ಟು: ಹೊಸ ಕರೆಂಟಿಗೆ ತಕ್ಕ ವೈರ್ ಮತ್ತು ಎಂಸಿಬಿ, ಹೊಸ ಮೋಟಾರಿಗೆ ಹೊಂದಿಸಿದ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರ್, ಗಟ್ಟಿಯಾದ ಅರ್ಥಿಂಗ್, ಸರಿಯಾದ ಪುಲ್ಲಿ ಮತ್ತು ಬೆಲ್ಟ್, ರೈವಿಂಗ್ ನೈಫ್. ಕರೆಂಟ್ ಹೋಗಿ ಮತ್ತೆ ಬಂದಾಗ ಗರಗಸ ತಾನಾಗಿ ಶುರುವಾಗದಂಥ ಸ್ಟಾರ್ಟರನ್ನೇ ಕೇಳಿ ಪಡೆಯಿರಿ. ಪವರ್ ಕಟ್ ಆದಾಗ ಕೆಲವರು ಬ್ಲೇಡಿನ ಬಳಿ ಕೈಯಿಟ್ಟು ಪುಡಿ ತೆಗೆಯುತ್ತಿರಬಹುದು. ತ್ರೀ ಫೇಸ್ ಮೋಟಾರಾದರೆ ಬ್ಲೇಡ್ ಹಾಕುವ ಮೊದಲು ಒಮ್ಮೆ ಖಾಲಿ ಓಡಿಸಿ ನೋಡಿ. ಎರಡು ಫೇಸ್ ಅದಲುಬದಲಾಗಿದ್ದರೆ ಅದು ಉಲ್ಟಾ ತಿರುಗುತ್ತದೆ.

ಈ ಪಟ್ಟಿಯ ಖರ್ಚನ್ನೂ ಸೇರಿಸಿದರೆ ದೊಡ್ಡ ಮೋಟಾರಿನ ನಿಜವಾದ ಬೆಲೆ ತಿಳಿಯುತ್ತದೆ. ಅದಕ್ಕೆ ಹಣ ಹೊಂದಿಸುವ ಮುನ್ನ ಬ್ಲೇಡನ್ನು ಒಮ್ಮೆ ಸಾಣೆಗೆ ಕೊಟ್ಟು ನೋಡಿ. ಅನೇಕ ಅಂಗಡಿಗಳಿಗೆ ಅಷ್ಟೇ ಸಾಕಾಗಬಹುದು.